ಮರ ಒಣಗಿದೆ, ಗಾಳಿ ಒಣಗಿಲ್ಲ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಪೇಟೆಯಿಂದ ತುಸು ಒಳಗೆ, ಅಡಿಕೆ ತೋಟದ ಅಂಚಿಗೆ ನಮ್ಮ ಆಚಾರಿಯವರ ಶೆಡ್ಡು ಇದೆ. ಜಡಿಮಳೆಯ ಆಟಿ ತಿಂಗಳ (ಜುಲೈ–ಆಗಸ್ಟ್) ಒಂದು ಮಧ್ಯಾಹ್ನ, ತಗಡಿನ ಮಾಡಿನ ಮೇಲೆ ಮಳೆ ಬಡಿಯುವ ಸದ್ದಿಗೆ ಮಾತೇ ಕೇಳಿಸದಿದ್ದ ಹೊತ್ತಿನಲ್ಲಿ, ನಾನು ಅಲ್ಲಿ ಹಲಸಿನ ಹಲಗೆಗಳನ್ನು ಜೀಪಿನಿಂದ ಇಳಿಸಿದೆ. ಎರಡು ವರ್ಷದ ಹಿಂದೆ ಗಾಳಿಗೆ ಉರುಳಿದ ಹಿತ್ತಿಲ ಮರ ಅದು. ಸಿಗಿದು, ಅಟ್ಟದಲ್ಲಿ ಸಂದುಬಿಟ್ಟು ಪೇರಿಸಿ ಒಣಗಿಸಿದ್ದೆವು. ಸೊಂಟನೋವಿನ ಅಮ್ಮನಿಗೆ ಒಂದು ಒಳ್ಳೆಯ ಮಂಚ ಆಗಬೇಕಿತ್ತು.

ಆಚಾರಿಯವರು ಅದೇ ವಾರ ಮಲ್ಟಿಪರ್ಪಸ್ ಮೆಷಿನ್ ತರಿಸಿದ್ದರು. ಒಂದೇ ಮೋಟಾರು, ಒಂದೇ ಬೆಲ್ಟು. ಹಲಗೆ ನಯ ಮಾಡುವುದು, ಸೀಳುವುದು, ತೂತು ಕೊರೆಯುವುದು ಎಲ್ಲವೂ ಅದರಲ್ಲೇ. ಜತೆಗೆ ಇನ್ನೇನೇನು ಕೊಳ್ಳಬೇಕು ಎಂಬ ಪಟ್ಟಿ ಅವರ ಮೇಜಿನ ಮೇಲಿತ್ತು. ಹಾಸಿಗೆ, ದಿಂಬು, ಮಂಚದ ಡ್ರಾಯರು, ತಲೆಯ ಕಡೆಗೆ ಮೆತ್ತನೆ ಹೊದಿಕೆ ಎಂದು ನನ್ನ ಪಟ್ಟಿ ನನ್ನ ಜೇಬಿನಲ್ಲಿತ್ತು. ಆ ದಿನ ಸಂಜೆಯೊಳಗೆ ಎರಡೂ ಪಟ್ಟಿಗಳು ಬದಲಾದವು.

ಮೊದಲ ಬದಲಾವಣೆ ತಂದದ್ದು ಮೊಬೈಲಿನಷ್ಟೇ ಇರುವ ಒಂದು ಉಪಕರಣ, ತೇವಾಂಶ ಮಾಪಕ. ಅದರ ಎರಡು ಮೊಳೆಗಳನ್ನು ಆಚಾರಿಯವರು ಹಲಗೆಗೆ ಒತ್ತಿದರು. ತೇವಾಂಶ 19 ಪ್ರತಿಶತ ಎಂದು ತೋರಿಸಿತು. ಎರಡು ವರ್ಷ ಒಣಗಿದ ಮರ ಎಂದು ನಾನು ಅಂದಾಗ ಅವರು ಹೇಳಿದರು: “ಮರ ಒಣಗಿದೆ ಮಾಸ್ಟ್ರೇ, ಗಾಳಿ ಒಣಗಿಲ್ಲ.”

ಇಡೀ ವಿಷಯ ಆ ಮಾತಿನಲ್ಲಿದೆ. ಮಾಪಕ ಅಳೆಯುವುದು ವಿದ್ಯುತ್ ರೋಧವನ್ನು. ಚೆನ್ನಾಗಿ ಒಣಗಿದ ಮರ ಬಹುಮಟ್ಟಿಗೆ ಅವಾಹಕ. ನೀರು ಸೇರುತ್ತ ಹೋದಂತೆ ಅದರ ರೋಧ ಸಾವಿರಾರು ಪಟ್ಟು ಇಳಿಯುತ್ತದೆ. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಪೊಳ್ಳಿನಲ್ಲಿ ಮತ್ತು ಕೋಶದ ಗೋಡೆಯಲ್ಲಿ. ಪೊಳ್ಳಿನ ನೀರು ಹೋದರೆ ಮರ ಹಗುರಾಗುತ್ತದೆ, ಕುಗ್ಗುವುದಿಲ್ಲ. ತೇವಾಂಶ ಸುಮಾರು 30 ಪ್ರತಿಶತಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡತೊಡಗುತ್ತದೆ. ಮರ ಕುಗ್ಗುವುದು ಆಗ. ಎಲ್ಲಿಯವರೆಗೆ ಒಣಗುತ್ತದೆ ಎಂಬುದನ್ನು ನಿರ್ಧರಿಸುವುದು ಸುತ್ತಲಿನ ಗಾಳಿ. ಗಾಳಿಯ ಸಾಪೇಕ್ಷ ಆರ್ದ್ರತೆ, ಎಂದರೆ ಗಾಳಿ ಹಿಡಿಯಬಲ್ಲಷ್ಟು ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, 90 ಪ್ರತಿಶತ ಇದ್ದರೆ ಮರ ಸುಮಾರು 20ರಲ್ಲಿ ನಿಲ್ಲುತ್ತದೆ, 65 ಇದ್ದರೆ 12ರಲ್ಲಿ, 50 ಇದ್ದರೆ 9ರಲ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ, ಆಟಿಯ ಅಟ್ಟದಲ್ಲಿ ಹಲಗೆಯನ್ನು ಹತ್ತು ವರ್ಷ ಇಟ್ಟರೂ ಅದು 12ಕ್ಕೆ ಇಳಿಯಲಾರದು. ಬೇಸಿಗೆಯಲ್ಲಿ ಇಳಿದದ್ದು ಮಳೆಗಾಲದಲ್ಲಿ ಮತ್ತೆ ಏರುತ್ತದೆ. ಮರ ಸತ್ತ ಮೇಲೂ ಉಸಿರಾಡುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ.

ಇದರಿಂದ ಮಂಚಕ್ಕೆ ಏನಾಗುತ್ತದೆ? ಮರ ಎಲ್ಲ ದಿಕ್ಕಿಗೂ ಒಂದೇ ರೀತಿ ಕುಗ್ಗುವುದಿಲ್ಲ. ಉದ್ದಕ್ಕೆ ಬಹಳ ಕಡಿಮೆ. ಅಡ್ಡಕ್ಕೆ ಹೆಚ್ಚು, ಅದರಲ್ಲೂ ವಾರ್ಷಿಕ ವಲಯಗಳ ಬಳಸಿನಲ್ಲಿ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡು ಪಟ್ಟು. ಸ್ಥಿರ ಮರವೆಂದು ಹೆಸರಾದ ಸಾಗುವಾನಿಯಲ್ಲೇ ಲೆಕ್ಕ ಹಾಕಿ. ಮಂಚದ ತಲೆಯ ಕಡೆಗೆ ಹಾಕುವ 450 ಮಿಲಿಮೀಟರ್ ಅಗಲದ ಹಲಗೆ ಮಳೆಗಾಲದ 18 ಪ್ರತಿಶತದಿಂದ ಎ.ಸಿ. ಕೋಣೆಯ 10 ಪ್ರತಿಶತಕ್ಕೆ ಬಂದರೆ ಅದರ ಅಗಲದಲ್ಲಿ ಆರರಿಂದ ಏಳು ಮಿಲಿಮೀಟರ್ ಕಡಿಮೆಯಾಗುತ್ತದೆ. ಎರಡು ಮೀಟರ್ ಉದ್ದದ ಪಟ್ಟಿಯ ಉದ್ದ ಒಂದು ಮಿಲಿಮೀಟರ್ ಕಡಿಮೆಯಾದರೆ ಹೆಚ್ಚು. ಅಗಲದ ಹಲಗೆಯನ್ನು ನಾಲ್ಕೂ ಕಡೆ ಫೆವಿಕಾಲ್ ಹಾಕಿ ಬಂಧಿಸಿದರೆ ಅದು ಸೀಳದೆ ಬೇರೆ ದಾರಿಯಿಲ್ಲ. ಹಳೆಯ ಬಾಗಿಲುಗಳನ್ನು ನೋಡಿ: ಚೌಕಟ್ಟಿನಲ್ಲಿ ಕೊರೆದ ಸಂದಿನೊಳಗೆ ನಡುವಿನ ಹಲಗೆ ಅಂಟಿಲ್ಲದೆ ಸಡಿಲವಾಗಿ ಕುಳಿತಿರುತ್ತದೆ, ಕುಗ್ಗಲು ಹಿಗ್ಗಲು ಅದಕ್ಕೆ ಜಾಗವಿರುತ್ತದೆ. ಆ ಬಾಗಿಲು ಮಾಡಿದವರ ಕೈಯಲ್ಲಿ ಮಾಪಕ ಇರಲಿಲ್ಲ, ಆದರೆ ಅವರ ಲೆಕ್ಕ ತಪ್ಪಿರಲಿಲ್ಲ. ಅವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಹಲಸಿನ ಬಗ್ಗೆ ಒಂದು ಮಾತು. ಯಕ್ಷಗಾನದ ಚೆಂಡೆಯ ಮೈಯಾದ ಕಳಸಿಗೆಗೂ ವೀಣೆಗೂ ಬೇಕಾಗುವ ಮರ ಇದು. ಕೊಯ್ದಾಗ ಅರಶಿನದ ಬಣ್ಣ, ಬೆಳಕು ತಾಗುತ್ತ ವರ್ಷಗಳಲ್ಲಿ ಕೆಂಗಂದು. ಚೇಗು, ಎಂದರೆ ಒಳಗಿನ ಬಣ್ಣದ ಭಾಗ, ಗಟ್ಟಿ; ಹೊರಗಿನ ಬಿಳಿ ಭಾಗದಲ್ಲಿ ಹಿಟ್ಟಿನಂಶ ಇರುವುದರಿಂದ ಕುಟ್ಟೆ ಹುಳ ಬರುತ್ತದೆ. ಮಂಚಕ್ಕೆ ಬಿಳಿ ಭಾಗ ತೆಗೆಸಿ ಚೇಗನ್ನಷ್ಟೇ ಹಾಕಿಸಿ. ರಬ್ಬರ್ ಮರದಲ್ಲಿ ಹಾಗೆ ಬೇರ್ಪಡಿಸಬಹುದಾದ ಚೇಗೇ ಇಲ್ಲ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಒತ್ತಡದಲ್ಲಿ ಒಳಗಿಳಿಸಿದ್ದನ್ನೇ ಕೊಳ್ಳಬೇಕು.

ಮಲಗುವ ಸುಖ ಶುರುವಾಗುವುದು ಹಾಸಿಗೆಯ ಅಡಿಯಿಂದ. ಅಂಗಡಿಯಲ್ಲಿ ನಾವು ಒತ್ತಿ ನೋಡುವುದು ಹಾಸಿಗೆಯನ್ನು ಮಾತ್ರ, ಅದು ಕೂರುವ ರೀಪುಗಳನ್ನು ಯಾರೂ ಬಗ್ಗಿ ನೋಡುವುದಿಲ್ಲ. ಐದು ಅಡಿ ಅಗಲದ ಮಂಚದಲ್ಲಿ ಅಡ್ಡ ರೀಪು ನಡುವೆ ಆಸರೆಯಿಲ್ಲದೆ ನಿಂತರೆ ಬಾಗುತ್ತದೆ. ನಟ್ಟನಡುವೆ ಒಂದು ಉದ್ದ ಪಟ್ಟಿ ಕೊಟ್ಟು ಅದಕ್ಕೆ ಕಾಲು ನಿಲ್ಲಿಸಿದರೆ ರೀಪಿನ ಆಸರೆಯಿಲ್ಲದ ಉದ್ದ ಅರ್ಧವಾಗುತ್ತದೆ. ಬಾಗು ಉದ್ದದ ಘನಕ್ಕೆ ಅನುಗುಣ, ಹಾಗಾಗಿ ಅದೇ ಭಾರಕ್ಕೆ ಬಾಗು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪಕ್ಕೂ ಇದೇ ನಿಯಮ ತಿರುಗುಮುರುಗಾಗಿ: 18ರ ಬದಲು 22 ಮಿಲಿಮೀಟರ್ ದಪ್ಪ ಕೊಟ್ಟರೆ ಮರದ ಖರ್ಚು ಐದರಲ್ಲಿ ಒಂದು ಪಾಲಿನಷ್ಟು ಏರುತ್ತದೆ, ಬಾಗದೆ ನಿಲ್ಲುವ ಬಿಗಿತ ಮಾತ್ರ ಸುಮಾರು 1.8 ಪಟ್ಟಾಗುತ್ತದೆ. ಡ್ರಾಯರಿಗೆ ಎತ್ತಿಟ್ಟ ಹಣವನ್ನು ನಾನು ಈ ನಡುಪಟ್ಟಿಗೆ ತಿರುಗಿಸಿದೆ.

ರೀಪುಗಳ ನಡುವೆ ಸಂದು ಏಕೆ ಬೇಕು ಎಂದು ಕಲಿತದ್ದು ನಷ್ಟದಿಂದ. ಹಿಂದಿನ ಮಂಚಕ್ಕೆ ಪೂರ್ತಿ ಪ್ಲೈವುಡ್ ಹೊದಿಸಿ, ನೀರು ಬೀಳದಿರಲಿ ಎಂದು ಪ್ಲಾಸ್ಟಿಕ್ ಕವಚದ ಹಾಸಿಗೆ ಹಾಕಿದ್ದೆವು. ಅಂಗಡಿಯವರು ಅದನ್ನು ಮಳೆಗಾಲಕ್ಕೆ ಒಳ್ಳೆಯದು ಎಂದೇ ಕೊಟ್ಟಿದ್ದರು. ಆಟಿ ಕಳೆದು ಸೋಣ ತಿಂಗಳಲ್ಲಿ ಎತ್ತಿ ನೋಡಿದರೆ ಅಡಿಯಲ್ಲಿ ಮನುಷ್ಯ ಮಲಗಿದ ಆಕಾರದಲ್ಲೇ ಕಪ್ಪು ಬೂಷ್ಟು. ಅಮ್ಮ ಅದನ್ನು ನೋಡಿ ಏನೂ ಹೇಳಲಿಲ್ಲ, ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅವರ ರಾತ್ರಿಯ ಕೆಮ್ಮಿಗೆ ಕಾರಣ ಹುಡುಕುತ್ತಾ ನಾವು ಎರಡು ತಿಂಗಳು ಅಲೆದಿದ್ದೆವು. ಮೈ ಬೆವರದಿದ್ದರೂ ಉಸಿರಿನಿಂದ ಮತ್ತು ಚರ್ಮದಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರ್ ನೀರು ಆವಿಯಾಗುತ್ತದೆ. ಚರ್ಮದ ಪಾಲು ಬಹುಮಟ್ಟಿಗೆ ಇಳಿಯುವುದು ಹಾಸಿಗೆಗೆ. ಅಡಿಯಲ್ಲಿ ಗಾಳಿಯಾಡದಿದ್ದರೆ ಅದು ಅಲ್ಲೇ ಕೂರುತ್ತದೆ. ಈಗ ಐದರಿಂದ ಏಳು ಸೆಂಟಿಮೀಟರ್ ಸಂದು ಬಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚಾದರೆ ಫೋಮು ಸಂದಿನೊಳಗೆ ಜೋಲುತ್ತದೆ.

ಧೂಳಿನ ನುಸಿಯೂ ಇದೇ ನೀರಿನ ಲೆಕ್ಕದಲ್ಲಿ ಬದುಕುತ್ತದೆ. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಈ ಜೀವಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಮೈಯಿಂದ ಹೀರಿಕೊಳ್ಳುತ್ತದೆ. ಆರ್ದ್ರತೆ ಬಹಳ ದಿನ 50 ಪ್ರತಿಶತಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ನಮ್ಮ ಮಳೆಗಾಲದಲ್ಲಿ ಅದಾಗದ ಮಾತು. ಆದ್ದರಿಂದ ಹಾಸಿಗೆಯ ಹೊರಕವಚ ಬಿಚ್ಚಿ ಒಗೆಯುವಂಥದ್ದಾಗಿರಲಿ. 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ನುಸಿ ಉಳಿಯುವುದಿಲ್ಲ. ಜಿಪ್ಪಿನ, ಒತ್ತು ನೇಯ್ಗೆಯ ಬಟ್ಟೆಯ ಕವಚ: ಹಾಸಿಗೆಯ ಜತೆ ಕೊಳ್ಳಬೇಕಾದ ವಸ್ತುಗಳಲ್ಲಿ ನಾನು ಮೊದಲು ಹೇಳುವುದು ಇದನ್ನು.

ಹಾಸಿಗೆ ಯಾವುದು? ತೆಂಗಿನ ಸಂಶೋಧನೆಗೆ 1916ರಿಂದಲೇ ಕೇಂದ್ರವಿರುವ ಊರು ಕಾಸರಗೋಡು. ನಾರಿನ ಹಾಸಿಗೆಯನ್ನು ಇಲ್ಲಿ ಯಾರಿಗೂ ಪರಿಚಯಿಸಬೇಕಾಗಿಲ್ಲ. ನಾರನ್ನು ಸುರುಳಿ ಮಾಡಿ, ರಬ್ಬರ್ ಹಾಲು ಸಿಂಪಡಿಸಿ, ಬೇಯಿಸಿ ಗಟ್ಟಿಮಾಡುತ್ತಾರೆ. ಸುರುಳಿಗಳ ನಡುವೆ ಗಾಳಿ ಓಡಾಡುತ್ತದೆ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಹೆಚ್ಚಿರುವುದರಿಂದ ನಾರು ಬೇಗ ಕೊಳೆಯುವುದಿಲ್ಲ. ಆದರೆ ಬರೀ ನಾರು ಬಹಳ ಗಡಸು. ಸೊಂಟನೋವಿಗೆ ಹಲಗೆಯಂಥ ಹಾಸಿಗೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನ 313 ಮಂದಿ ಸೊಂಟನೋವಿನವರನ್ನು 90 ದಿನ ಗಮನಿಸಿ, ಗಡಸು ಹಾಸಿಗೆಗಿಂತ ಮಧ್ಯಮ ಗಡಸಿನದೇ ಹೆಚ್ಚು ನೆಮ್ಮದಿ ಕೊಟ್ಟಿತು ಎಂದು ತೋರಿಸಿತು. ಮಗ್ಗುಲಾಗಿ ಮಲಗಿದಾಗ ಹೆಗಲು ಮತ್ತು ಸೊಂಟ ತುಸು ಇಳಿಯಬೇಕು, ನಡುವಿನ ತಗ್ಗಿಗೆ ಆಸರೆ ಸಿಗಬೇಕು. ಹಲಗೆ ಇವೆರಡನ್ನೂ ಕೊಡದು. ಅಮ್ಮನಿಗೆ ಅಡಿಯಲ್ಲಿ ನಾರು, ಮೇಲೆ ಎರಡು ಇಂಚು ಲೇಟೆಕ್ಸ್ ಇರುವುದನ್ನು ತಂದೆ. ದಿಂಬಿಗೆ ಬೂರುಗದ ಹತ್ತಿ ಸಾಕು: ಒಳಗೆ ಪೊಳ್ಳಾದ, ಮೇಲೆ ಮೇಣದ ಲೇಪವಿರುವ ಎಳೆ, ನೀರನ್ನು ಸುಲಭಕ್ಕೆ ಹಿಡಿಯದು. ಸೊಳ್ಳೆಪರದೆ ಕಟ್ಟಲು ನಾಲ್ಕು ಕಾಲಿಗೂ ಕೋಲು ಸಿಕ್ಕಿಸುವ ತೂತು ಮೊದಲೇ ಕೊರೆಸಿಕೊಳ್ಳಿ. ಆಮೇಲೆ ಗೋಡೆಗೆ ಮೊಳೆ ಹೊಡೆಯುವ ಪಾಡು ಬೇಡ.

ಕಿರುಗುಟ್ಟುವ ಮಂಚದ ವಿಷಯ ಬಿಡಲಾರೆ. ಕೀಲು ಸಡಿಲವಾದಾಗ ಎರಡು ಮರದ ಮೈಗಳು ಅಂಟಿಕೊಂಡು, ಜಾರಿ, ಮತ್ತೆ ಅಂಟಿಕೊಳ್ಳುತ್ತವೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ತಾಗುವ ಜಾಗಕ್ಕೆ ಮೇಣದಬತ್ತಿ ಉಜ್ಜಿದರೆ ಸದ್ದು ನಿಲ್ಲುತ್ತದೆ. ಬೋಲ್ಟುಗಳನ್ನು ಬೇಸಿಗೆಯಲ್ಲೊಮ್ಮೆ ಬಿಗಿಮಾಡಬೇಕು. ಕಡಲ ಗಾಳಿಯ ನಾಡಿನಲ್ಲಿ ಅವು ಸ್ಟೇನ್‌ಲೆಸ್ ಉಕ್ಕಿನವಾಗಿರಲಿ.

ಇನ್ನು ಆಚಾರಿಯವರ ಪಟ್ಟಿ. ಅದರಲ್ಲಿ ಹೂವಿನ ಅಂಚು ತೆಗೆಯುವ ಬಗೆಬಗೆಯ ಕಟರುಗಳಿದ್ದವು, ಬೇರೆ ಅಳತೆಯ ಬಿಟ್ಟುಗಳಿದ್ದವು. ಗರಗಸದ ಮೇಲಿನ ಮುಚ್ಚಳ ಇರಲಿಲ್ಲ. ಮೆಷಿನಿನ ಜತೆ ಬಂದದ್ದನ್ನು ಅವರು ಬಿಚ್ಚಿ ಮೂಲೆಗಿಟ್ಟಿದ್ದರು, ಕೆಲಸಕ್ಕೆ ಅಡ್ಡ ಬರುತ್ತದೆ ಎಂದು. ನಾನು ಅಲ್ಲೇ ಕುಳಿತು ಲೆಕ್ಕ ಹಾಕಿ ತೋರಿಸಿದೆ.

ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 40 ಮೀಟರ್, ಎಂದರೆ ಗಂಟೆಗೆ 144 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬೆರಳು ತಾಗಿತು ಎಂದು ತಿಳಿದು ಕೈ ಹಿಂದೆಗೆಯಲು ಸುಮಾರು 0.2 ಸೆಕೆಂಡು ಬೇಕು. ಅಷ್ಟರೊಳಗೆ 24 ಹಲ್ಲಿನ ಬ್ಲೇಡಿನ 240 ಹಲ್ಲುಗಳು ಆ ಜಾಗವನ್ನು ದಾಟಿರುತ್ತವೆ. ಎಚ್ಚರ, ಅನುಭವ, ಕೈಚಳಕ ಯಾವುದೂ ಈ ವೇಗಕ್ಕೆ ಉತ್ತರವಾಗದು. ಕಬ್ಬಿಣದ ಮುಚ್ಚಳ ಉತ್ತರವಾಗುತ್ತದೆ.

ಅದಕ್ಕಿಂತ ಕಣ್ಣಿಗೆ ಬೀಳದ ಅಪಾಯ ಇನ್ನೊಂದು. ಹಲಗೆಯನ್ನು ಉದ್ದಕ್ಕೆ ಸೀಳುವಾಗ ಮರದೊಳಗಿನ ಬಿಗುವು ಬಿಚ್ಚಿಕೊಳ್ಳುತ್ತದೆ. ಸೀಳಿದ ಎರಡು ಭಾಗಗಳು ಒಂದಕ್ಕೊಂದು ಒತ್ತಿ ಬಂದು ಬ್ಲೇಡಿನ ಹಿಂಭಾಗವನ್ನು ಹಿಡಿಯುತ್ತವೆ. ಮುಂದಿನ ಹಲ್ಲುಗಳು ಕೆಳಗಿಳಿಯುತ್ತಿರುತ್ತವೆ, ಹಿಂದಿನವು ಮೇಲೇಳುತ್ತಿರುತ್ತವೆ. ಮೇಲೇಳುವ ಹಲ್ಲಿಗೆ ಮರ ಸಿಕ್ಕಿದರೆ ಅದನ್ನು ಎತ್ತಿ, ಭಾರಿ ವೇಗದಲ್ಲಿ ನಿಂತವನ ಹೊಟ್ಟೆಗೆ ಎಸೆಯುತ್ತದೆ. ಮರದ ಜತೆ ಕೈಯೂ ಬ್ಲೇಡಿನ ಕಡೆಗೆ ಎಳೆಯಲ್ಪಡಬಹುದು. ಇದನ್ನು ತಡೆಯಲು ಬ್ಲೇಡಿನ ಬೆನ್ನಿಗೇ ನಿಲ್ಲುವ ಒಂದು ಉಕ್ಕಿನ ತಗಡು ಸಾಕು. ರೈವಿಂಗ್ ನೈಫ್ ಎಂದು ಕೇಳಿದರೆ ಕೊಡುತ್ತಾರೆ. ಅದರ ದಪ್ಪವನ್ನು ನೋಡಿ ಕೊಳ್ಳಬೇಕು. ಬ್ಲೇಡು ಮಾಡುವ ಸೀಳು 3 ಮಿಲಿಮೀಟರ್, ಬ್ಲೇಡಿನ ಮೈ 2.2 ಇದ್ದರೆ ತಗಡು 2.5ರ ಸುತ್ತ ಇರಬೇಕು: ಸೀಳಿಗಿಂತ ತೆಳ್ಳಗೆ, ಮೈಗಿಂತ ದಪ್ಪ. ಮಾಪಕ 19 ತೋರಿಸುವಂಥ ಸರಿಯಾಗಿ ಒಣಗದ ಹಲಗೆ ಸೀಳುವಾಗ ಈ ಅಪಾಯ ಇನ್ನೂ ಹೆಚ್ಚು.

ಬ್ಲೇಡು ಎರಡು ಬೇಕು: ಉದ್ದಕ್ಕೆ ಸೀಳಲು 24 ಹಲ್ಲಿನದು, ಅಡ್ಡ ಕೊಯ್ಯಲು 60ರದು. ನಯ ಮಾಡುವ ಉರುಳೆಯ ಮೂರು ಅಲಗುಗಳೂ ಒಂದೇ ಎತ್ತರಕ್ಕೆ ಕೂರಬೇಕು. ಒಂದೇ ಅಲಗು ಮುಂದೆ ಬಂದರೆ ಕೊಯ್ಯುವ ಕೆಲಸವೆಲ್ಲ ಅದರದೇ. ಹಲಗೆಯ ಮೇಲೆ ಅಲಗು ಉಳಿಸುವ ಗೆರೆಗಳ ಅಂತರ ಮೂರು ಪಟ್ಟು, ಆಳ ಒಂಬತ್ತು ಪಟ್ಟು ಆಗುತ್ತದೆ.

ವಿದ್ಯುತ್ತಿನ ತಂತಿಯನ್ನು ಯಾರೂ ಬಿಡಿಭಾಗವೆಂದು ಎಣಿಸುವುದಿಲ್ಲ. ಎರಡು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆದರೆ ಶುರುವಾಗುವಾಗ ಅದರ ಐದಾರು ಪಟ್ಟು ಎಳೆಯುತ್ತದೆ. ಮನೆಯಿಂದ ಶೆಡ್ಡಿಗೆ 30 ಮೀಟರ್ ದೂರ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ 50 ಆಂಪಿಯರಿಗೆ ದಾರಿಯಲ್ಲೇ 36 ವೋಲ್ಟ್ ನಷ್ಟ. 4 ಚದರ ಮಿಲಿಮೀಟರಿನದಾದರೆ 14. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ: 230 ಇರಬೇಕಾದಲ್ಲಿ 180 ಬಂದರೆ ಬಲ 61 ಪ್ರತಿಶತಕ್ಕೆ ಇಳಿಯುತ್ತದೆ, ಬ್ಲೇಡು ಮರದಲ್ಲಿ ಸಿಕ್ಕಿ ನಿಲ್ಲುತ್ತದೆ, ಸುರುಳಿ ಸುಡುತ್ತದೆ. ದಪ್ಪ ತಂತಿ, ಸರಿಯಾದ ಅರ್ತಿಂಗ್, ನೆಲಕ್ಕೆ 30 ಮಿಲಿಆಂಪಿಯರ್ ಸೋರಿದರೆ ತಾನಾಗಿ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್. ಒದ್ದೆ ನೆಲದ ಶೆಡ್ಡಿನಲ್ಲಿ ಇವನ್ನು ಬಿಟ್ಟು ಸ್ವಿಚ್ ಹಾಕಬಾರದು.

ಧೂಳಿನ ಬಗ್ಗೆ ಹೇಳಿದಾಗ ಆಚಾರಿಯವರು ಮೊದಲು ತಲೆಯಾಡಿಸಿದರು, ಹುಟ್ಟಿದಂದಿನಿಂದ ಅದರಲ್ಲೇ ಇದ್ದೇವೆ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗಕ್ಕೆ ಅಪಾಯ. ಕೈಗರಗಸದ ಹೊಟ್ಟು ದಪ್ಪ, ನೆಲಕ್ಕೆ ಬೀಳುತ್ತದೆ. ಮೆಷಿನಿನದು ನುಣುಪು, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಎನ್95 ಮುಖಗವಸು, ಧೂಳೆಳೆಯುವ ಕೊಳವೆ, ಗುಡಿಸುವ ಮೊದಲು ಚಿಮುಕಿಸುವ ನೀರು. ಸದ್ದಿಗೂ ಕಾವಲು ಬೇಕು: 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಾಳಬಹುದು ಎಂದಿಟ್ಟರೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲಿಗೆ ಉಳಿಯುವುದು ಹದಿನೈದು ನಿಮಿಷ.

ಹಲಗೆಗಳನ್ನು ನಾವು ಆ ದಿನ ಕೊಯ್ಯಲಿಲ್ಲ. ಗಾಳಿ ಒಣಗುವ ಕುಂಭ ಮಾಸದವರೆಗೆ (ಫೆಬ್ರವರಿ–ಮಾರ್ಚ್) ಕಾದು, ಮಾಪಕ 13 ತೋರಿಸಿದ ಮೇಲೆ ಕೆಲಸ ಶುರುವಾಯಿತು. ನಾನು ಹೋದಾಗ ಗರಗಸದ ಮುಚ್ಚಳ ತನ್ನ ಜಾಗದಲ್ಲಿತ್ತು, ಬೆನ್ನ ತಗಡೂ ಇತ್ತು. ರೀಪು ಸೀಳಿ ಉಳಿದ ಒಂದು ಮೊಳದ ತುಂಡನ್ನು ಆಚಾರಿಯವರು ಎತ್ತಿಕೊಂಡು, ತುದಿಯಲ್ಲಿ ಹಲಗೆಯ ಮೂಲೆ ಕೂರುವಷ್ಟು ಕಚ್ಚು ತೆಗೆದರು, ಹಿಡಿಯ ಕಡೆಯನ್ನು ಕೀಸಿ ದುಂಡು ಮಾಡಿದರು. ಕೈಯ ಬದಲು ಮರವನ್ನು ಬ್ಲೇಡಿಗೆ ನೂಕುವ ಕೋಲು. ಹಿಡಿಯಲ್ಲಿ ತೂತು ಕೊರೆದು, ಸ್ವಿಚ್ಚಿನ ಪಕ್ಕದ ಮೊಳೆಗೆ ಸಿಕ್ಕಿಸಿದರು. ಅಮ್ಮನ ಮಂಚದ್ದೇ ಹಲಸು, ಇನ್ನೂ ಹಳದಿಯಾಗಿತ್ತು.