ಕಿಲಿನೊಚ್ಚಿಯ ಗೇಟು, ಜಿನೀವಾದ ಮತ

2008ರ ಸೆಪ್ಟೆಂಬರ್. ಶ್ರೀಲಂಕಾದ ಉತ್ತರಕ್ಕಿರುವ ಕಿಲಿನೊಚ್ಚಿ ಆಗ ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಹಿಡಿತದಲ್ಲಿತ್ತು. ಸೇನೆ ದಿನದಿನಕ್ಕೂ ಹತ್ತಿರ ಬರುತ್ತಿತ್ತು. ವಿಶ್ವಸಂಸ್ಥೆಯ ಸಿಬ್ಬಂದಿಗೆ ಸರ್ಕಾರ ಊರು ಬಿಡಲು ಹೇಳಿತು. ಸುದ್ದಿ ತಿಳಿದ ತಮಿಳು ಜನ ಕಚೇರಿಯ ಗೇಟಿನ ಮುಂದೆ ಬಂದು ಸೇರಿದರು. ಹೋಗಬೇಡಿ ಎಂದು ಬೇಡಿಕೊಂಡರು. ಇವರೂ ಹೋದರೆ ಇಲ್ಲಿ ನಡೆಯುವುದನ್ನು ನೋಡುವವರೇ ಇರಲ್ಲ ಎಂಬ ಭಯ ಅವರದು. ಆದರೂ ಗಾಡಿಗಳು ಹೊರಟವು.

ಮುಂದೆ ಆದದ್ದೂ ಹಾಗೇ. 2009ರ ಜನವರಿಯಿಂದ ಸರ್ಕಾರ ಒಂದಾದ ಮೇಲೊಂದು 'ಗುಂಡು ಹಾರದ ವಲಯ'ಗಳನ್ನು ಘೋಷಿಸಿತು. ಜನ ಮಕ್ಕಳು ಮರಿ ಕಟ್ಟಿಕೊಂಡು ಅಲ್ಲಿಗೆ ಹೋದರು. ಶೆಲ್‌ಗಳು ಅಲ್ಲಿಗೂ ಬಂದು ಬಿದ್ದವು, ಆಸ್ಪತ್ರೆಗಳ ಮೇಲೂ ಬಿದ್ದವು. ಇತ್ತ ಎಲ್‌ಟಿಟಿಇ ಅದೇ ಜನರನ್ನು ಗುರಾಣಿ ಮಾಡಿಕೊಂಡಿತು. ಮಕ್ಕಳ ಕೈಗೆ ಬಂದೂಕು ಕೊಟ್ಟಿತು, ತಪ್ಪಿಸಿಕೊಂಡು ಓಡಿದವರ ಮೇಲೆ ಗುಂಡು ಹಾರಿಸಿತು. ಕೊನೆಗೆ ಜನ ಉಳಿದದ್ದು ಮುಳ್ಳಿವಾಯ್ಕಾಲ್ ಕಡಲ ದಂಡೆಯ ಒಂದು ತುಂಡು ನೆಲದಲ್ಲಿ.

ಜಗತ್ತಿಗೆ ಇದು ಗೊತ್ತೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಸತ್ತವರ ಲೆಕ್ಕವನ್ನು ವಿಶ್ವಸಂಸ್ಥೆಯ ಸಿಬ್ಬಂದಿ ಆಗಲೇ ಇಡುತ್ತಿದ್ದರು. ಕೊಲಂಬೊ ಸರ್ಕಾರ ಸಿಟ್ಟಾದರೆ ನೆರವು ನಿಲ್ಲುತ್ತದೆ ಎಂಬ ಹೆದರಿಕೆಗೆ ಅದನ್ನು ಬಹಿರಂಗ ಮಾಡಲಿಲ್ಲ. ಮಾರ್ಚ್ 13ರಂದು ಮಾನವ ಹಕ್ಕುಗಳ ಹೈಕಮಿಷನರ್ ನವಿ ಪಿಳ್ಳೈ ಬಾಯಿ ಬಿಟ್ಟರು: ಜನವರಿ 20ರಿಂದ ಈಚೆಗೆ 2,800ಕ್ಕೂ ಜಾಸ್ತಿ ನಾಗರಿಕರು ಸತ್ತಿರಬಹುದು. ಅಂಕಿ ಹೇಳಬೇಡಿ ಎಂದು ಅವರ ಮೇಲೆ ಒತ್ತಡ ತಂದವರು ವಿಶ್ವಸಂಸ್ಥೆಯ ಒಳಗೇ ಇದ್ದರು. ಇದು ವಿಶ್ವಸಂಸ್ಥೆ ತಾನೇ ನಡೆಸಿದ ಪರಿಶೀಲನೆಯಿಂದ 2012ರಲ್ಲಿ ಹೊರಬಂದ ಸಂಗತಿ. ಭದ್ರತಾ ಮಂಡಳಿಯ ಅಧಿಕೃತ ಕಾರ್ಯಸೂಚಿಗೆ ಈ ಯುದ್ಧ ಬರಲೇ ಇಲ್ಲ. ಸದಸ್ಯರು ಅನೌಪಚಾರಿಕವಾಗಿ ಕೂತು ಮಾತಾಡಿದರು, ಅಷ್ಟೇ.

ಭಾರತಕ್ಕೆ ಇದು ಕೂಗಳತೆಯ ದೂರ. ಆದರೆ ರಾಜೀವ್ ಗಾಂಧಿ ಹತ್ಯೆಯ ನಂತರ ದೆಹಲಿಗೆ ಎಲ್‌ಟಿಟಿಇ ಬಗ್ಗೆ ಕನಿಕರ ಉಳಿದಿರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಲೋಕಸಭೆ ಚುನಾವಣೆ. 27ರಂದು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಯುದ್ಧ ನಿಲ್ಲಿಸಿ ಎಂದು ಚೆನ್ನೈನ ಮರೀನಾದಲ್ಲಿ ಉಪವಾಸ ಕೂತರು. ಭಾರೀ ಶಸ್ತ್ರ ಬಳಸುವುದಿಲ್ಲ ಎಂದು ಕೊಲಂಬೊ ಅದೇ ದಿನ ಹೇಳಿತು. ಕೆಲವೇ ಗಂಟೆಗಳಲ್ಲಿ ಉಪವಾಸ ಮುಗಿಯಿತು. ಶೆಲ್ ದಾಳಿ ಮಾತ್ರ ಆಮೇಲೂ ನಿಲ್ಲಲಿಲ್ಲ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಬರೆಯಿತು. ಕೊನೆಯ ಹಂತದಲ್ಲಿ 40,000ದವರೆಗೂ ನಾಗರಿಕರು ಸತ್ತಿರಬಹುದು ಎಂಬುದು ಆ ಸಮಿತಿ ಕೊಟ್ಟ ಅಂದಾಜು. ಶ್ರೀಲಂಕಾ ಅದನ್ನು ಒಪ್ಪಲಿಲ್ಲ.

2009ರ ಮೇ 19ರಂದು ಅಧ್ಯಕ್ಷ ಮಹಿಂದ ರಾಜಪಕ್ಸೆ ಸಂಸತ್ತಿನಲ್ಲಿ ಯುದ್ಧ ಗೆದ್ದೆವು ಎಂದರು. ಎಂಟೇ ದಿನ ಕಳೆದಿತ್ತು, ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಮತದಾನ ನಡೆಯಿತು. ಸರ್ಕಾರವನ್ನು ಪ್ರಶ್ನಿಸಬೇಕು ಎಂದು ಕರೆದಿದ್ದ ವಿಶೇಷ ಅಧಿವೇಶನ ಅದು. ಪಾಸಾದದ್ದು ಶ್ರೀಲಂಕಾ ತಾನೇ ತಂದ ನಿರ್ಣಯ, ಅದೂ 29-12 ಮತಗಳಿಂದ. ಭಾರತ, ಪಾಕಿಸ್ತಾನ, ಚೀನಾ ಮೂರೂ ಒಂದೇ ಕಡೆ ಕೈ ಎತ್ತಿದವು. ಅದೇ ಹೊತ್ತಿಗೆ ಸುಮಾರು ಮೂರು ಲಕ್ಷ ತಮಿಳರು ವವುನಿಯಾ ಸುತ್ತಮುತ್ತಲ ಶಿಬಿರಗಳಲ್ಲಿ ಮುಳ್ಳುತಂತಿಯ ಒಳಗಿದ್ದರು. ಆ ನಿರ್ಣಯ ಓದಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಗಾಳಿ ತಿರುಗಿತು. 2012ರಲ್ಲಿ ಶ್ರೀಲಂಕಾ ವಿರುದ್ಧ ಅಮೆರಿಕ ಅದೇ ಮಂಡಳಿಯಲ್ಲಿ ತಂದ ನಿರ್ಣಯ 24-15ರಲ್ಲಿ ಗೆದ್ದಿತು. ಭಾರತ ಈ ಸಲ ಅದರ ಪರ ನಿಂತಿತು, 2013ರಲ್ಲೂ ನಿಂತಿತು. ಇಷ್ಟು ಸಾಲದು ಎಂದು ಕರುಣಾನಿಧಿಯವರ ಡಿಎಂಕೆ ಆ ವರ್ಷ ದೆಹಲಿಯಲ್ಲಿ ಆಳುತ್ತಿದ್ದ ಯುಪಿಎ ಮೈತ್ರಿಕೂಟ ಬಿಟ್ಟು ಹೊರನಡೆಯಿತು. 2014ರ ನಿರ್ಣಯ ಅಂತರರಾಷ್ಟ್ರೀಯ ತನಿಖೆಯನ್ನೇ ಕೇಳಿತು. ಭಾರತ ಆಗ ಮತ ಹಾಕದೆ ಉಳಿಯಿತು. ಹೊರಗಿನವರ ತನಿಖೆ ಅತಿಯಾಯಿತು ಎಂಬುದು ದೆಹಲಿಯ ವಾದ. ಮುಂದೆ 2021 ಮತ್ತು 2022ರಲ್ಲೂ ಅದೇ ನಿಲುವು. ಮಧ್ಯದಲ್ಲಿ, 2015ರಲ್ಲಿ, ಹೊಸ ಶ್ರೀಲಂಕಾ ಸರ್ಕಾರ ತಾನೇ ನಿರ್ಣಯಕ್ಕೆ ಸಹಿ ಹಾಕಿ ನ್ಯಾಯ ಕೊಡುತ್ತೇನೆ ಎಂದಿತ್ತು. 2020ರಲ್ಲಿ ಮತ್ತೊಂದು ಸರ್ಕಾರ ಆ ಮಾತಿನಿಂದ ಹಿಂದೆ ಸರಿಯಿತು.

ಇಷ್ಟರಲ್ಲಿ ಒಂದೇ ಒಂದು ಗಟ್ಟಿ ಕೆಲಸ ಆಗಿದೆ ಎಂದರೆ, 2021ರಿಂದ ಜಿನೀವಾದಲ್ಲಿ ಸಾಕ್ಷ್ಯಗಳನ್ನು ಸಂಗ್ರಹಿಸಿ ಕಾಪಾಡುವ ಒಂದು ತಂಡವಿದೆ. ಎಂದಾದರೂ ಯಾವುದಾದರೂ ಕೋರ್ಟಿಗೆ ಬೇಕಾದೀತು ಎಂದು.

2017ರ ಫೆಬ್ರವರಿ 20ರಂದು ಕಿಲಿನೊಚ್ಚಿಯ ಕಂದಸ್ವಾಮಿ ದೇವಸ್ಥಾನದ ಬಳಿ ಕೆಲವು ತಾಯಂದಿರು ಬಂದು ಕೂತರು. ಎಲ್ಲರ ಕೈಯಲ್ಲೂ ಕಾಣೆಯಾದ ಮಗನದೋ ಮಗಳದೋ ಫೋಟೋ. ಅವರಲ್ಲಿ ಎಷ್ಟೋ ಮಂದಿ ಯುದ್ಧದ ಕೊನೆಯಲ್ಲಿ ಮಕ್ಕಳನ್ನು ತಮ್ಮ ಕೈಯಾರೆ ಸೇನೆಗೆ ಒಪ್ಪಿಸಿದವರು. ನನ್ನ ಮಗು ಎಲ್ಲಿ ಎನ್ನುವುದೊಂದೇ ಅವರ ಪ್ರಶ್ನೆ. ಉತ್ತರ ಸಿಗದೆ ಹಲವರು ಆಗಲೇ ತೀರಿಕೊಂಡಿದ್ದಾರೆ.