ವೈರು ಹರಿದರೆ ಮೋಟರು ನಿಲ್ಲಬೇಕು

ಎಲ್‌ಇಡಿ ಮಿಣುಕಿಸಿ, ಸರ್ವೊ ತಿರುಗಿಸಿ ಆದಮೇಲೆ ಆರ್ಡುಯಿನೊ (ಪ್ರೋಗ್ರಾಮು ಬರೆದು ನಡೆಸುವ ಚಿಕ್ಕ ಕಂಟ್ರೋಲರ್ ಬೋರ್ಡು) ಕಲಿತವರ ಕಣ್ಣು ಬೀಳುವುದು ಮಾಳಿಗೆ ಮೇಲಿನ ಟ್ಯಾಂಕಿನ ಮೇಲೆ. ರಾಯಚೂರಿನಲ್ಲಿ ಅದು ಸಹಜ. ನಳ ಬಂದಾಗ ಸಂಪು ತುಂಬಿಸಿಕೊಂಡು, ಕರೆಂಟು ಇದ್ದಾಗ ಮೇಲೆ ಏರಿಸುವ ಮನೆಗಳಲ್ಲಿ ತಾನೇ ಶುರುವಾಗಿ ತಾನೇ ನಿಲ್ಲುವ ಮೋಟರಿಗಿಂತ ಉಪಯೋಗದ ಪ್ರಾಜೆಕ್ಟು ಇನ್ನೊಂದಿಲ್ಲ. ಬ್ರೆಡ್‌ಬೋರ್ಡ್ ಮೇಲೆ ಇದು ಒಂದು ಸಂಜೆಯ ಕೆಲಸ. ಮುಂದೆ ಕೈಕೊಟ್ಟರೆ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಹೆಚ್ಚಿನ ಸಲ ತಪ್ಪು ಇರುವುದು ಬೋರ್ಡಿನ ಮಾತಿಗೆ ಸೇರುವ, ಬಿಡುವ ಸ್ವಿಚ್ಚಾದ ರಿಲೇಯಲ್ಲಿ, ಇಲ್ಲವೇ ಮಾಳಿಗೆಗೆ ಹೋಗುವ ವೈರಿನಲ್ಲಿ.

ಮೊದಲು ಮೋಟರನ್ನು ನೋಡಿ. ಬರೀ ಸ್ವಿಚ್ ಹಾಕಿದರೆ ಅದು ತಿರುಗುತ್ತದೆಯೇ? ಸಂಪಿನ ಮೊನೊಬ್ಲಾಕುಗಳು (ಮೋಟರು-ಪಂಪು ಒಂದೇ ಆಗಿರುವವು) ತಿರುಗುತ್ತವೆ. ಬೋರಿನ ಸಬ್‌ಮರ್ಸಿಬಲ್ಲಿಗೆ ಹಸಿರು ಬಟನ್ ಒತ್ತಿ ಹಿಡಿಯುವ ಹಳೆಯ ಪ್ಯಾನಲ್ ಇದ್ದರೆ ತಿರುಗುವುದಿಲ್ಲ. ಆ ಬಟನ್ನು ಸ್ಟಾರ್ಟಿಂಗ್ ಕೆಪಾಸಿಟರನ್ನು ಜೋಡಿಸುತ್ತದೆ, ಅದಿಲ್ಲದೆ ಕರೆಂಟು ಕೊಟ್ಟರೆ ಮೋಟರು ಗುಂಯ್‌ಗುಟ್ಟುತ್ತಾ ಸುಡುತ್ತದೆ. ಅಂಥದ್ದಕ್ಕೆ ಈ ಲೇಖನದ ವಿಧಾನ ಹೊಂದುವುದಿಲ್ಲ.

ಎಲ್ಲರ ಹತ್ತಿರ ಇರುವ ನೀಲಿ ಡಬ್ಬಿಯ 5 ವೋಲ್ಟ್ ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಎಚ್‌ಪಿ ಮೋಟರು ಓಡುವಾಗ ಎಳೆಯುವುದು 5ರಿಂದ 7 ಆಂಪಿಯರ್, ಹಾಗಾಗಿ ಸಾಕು ಅನ್ನಿಸುತ್ತದೆ. ಆದರೆ ಶುರುವಾಗುವ ಗಳಿಗೆಯಲ್ಲಿ ಅದು ಐದಾರು ಪಟ್ಟು ಎಳೆಯುತ್ತದೆ. ಆ ಕಿಡಿಗೆ ರಿಲೇಯ ಕಾಂಟ್ಯಾಕ್ಟುಗಳು ಒಂದು ದಿನ ಬೆಸೆದುಕೊಳ್ಳುತ್ತವೆ. ಆಮೇಲೆ ಆರ್ಡುಯಿನೊ ಎಷ್ಟು ಸಲ ನಿಲ್ಲು ಎಂದರೂ ಮೋಟರು ನಿಲ್ಲುವುದಿಲ್ಲ. ಆದ್ದರಿಂದ ರಿಲೇ ಬರೀ ಕಾಂಟ್ಯಾಕ್ಟರಿನ (ಮೋಟರಿನಂಥ ಭಾರಕ್ಕೆಂದೇ ಇರುವ ದೊಡ್ಡ ರಿಲೇ) 230 ವೋಲ್ಟ್ ಕಾಯಿಲನ್ನು ನಡೆಸಲಿ. ಮೋಟರಿನ ಭಾರವನ್ನು ಎಸಿ-3 (ಮೋಟರಿಗೆ ತಕ್ಕ) ದರ್ಜೆಯಲ್ಲಿ 12 ಆಂಪಿಯರ್ ಅಥವಾ ಹೆಚ್ಚಿನ ಕಾಂಟ್ಯಾಕ್ಟರು ಹೊರಲಿ. ಕಾಯಿಲಿನ ಎರಡು ತುದಿಗೆ 100 ಓಮ್ ರೆಸಿಸ್ಟರು ಮತ್ತು 0.1 ಮೈಕ್ರೊಫ್ಯಾರಡ್ ಎಕ್ಸ್2 (ಮನೆಯ ಮೇನ್ಸ್ ಲೈನಿಗೆ ತಕ್ಕ) ಕೆಪಾಸಿಟರನ್ನು ಸರಣಿಯಲ್ಲಿ ಸೇರಿಸಿ ಅಡ್ಡ ಹಾಕಿ. ಇದಿಲ್ಲದಿದ್ದರೆ ಕಾಂಟ್ಯಾಕ್ಟರು ಬಿಟ್ಟಾಗಲೆಲ್ಲ ಆರ್ಡುಯಿನೊ ರೀಸೆಟ್ ಆಗುವುದನ್ನು ನೋಡುತ್ತೀರಿ. 230 ವೋಲ್ಟಿನ ಈ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅರ್ತಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್) ಇಲ್ಲದೆ ಶುರು ಮಾಡಬೇಡಿ. ಆಟೋ-ಮ್ಯಾನ್ಯುಯಲ್ ಸ್ವಿಚ್ಚೂ ಇರಲಿ, ನಿಮ್ಮ ಪ್ರಯೋಗ ಕೆಟ್ಟ ದಿನವೂ ಮನೆಯವರು ಸ್ನಾನ ಮಾಡಬೇಕಲ್ಲ.

ಸೆನ್ಸರಿನ ವಿಷಯಕ್ಕೆ ಬಂದರೆ, ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಟ್ಯಾಂಕಿನೊಳಗೆ ಬೇಡ. ಮುಚ್ಚಳದಡಿ ಹಬೆ ಹಿಡಿದು ಅದರ ಬೋರ್ಡನ್ನು ತುಕ್ಕು ತಿನ್ನುತ್ತದೆ. ಇನ್ನೊಂದು ತೊಂದರೆ ನಮ್ಮ ಬಿಸಿಲಿನದು. ಅಂತರ್ಜಾಲದ ಬಹಳಷ್ಟು ಪ್ರೋಗ್ರಾಮುಗಳು ಪ್ರತಿಧ್ವನಿಯ ಸಮಯವನ್ನು (ಮೈಕ್ರೊಸೆಕೆಂಡಿನಲ್ಲಿ) 58ರಿಂದ ಭಾಗಿಸಿ ಸೆಂಟಿಮೀಟರ್ ತೆಗೆಯುತ್ತವೆ. ಅದು 20 ಡಿಗ್ರಿಯ ಲೆಕ್ಕ. 42 ಡಿಗ್ರಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 357 ಮೀಟರ್ ಓಡುತ್ತದೆ, ಭಾಗಿಸಬೇಕಾದ್ದು 56ರಿಂದ. ಒಂದು ಮೀಟರ್ ಕೆಳಗಿರುವ ನೀರು 96-97 ಸೆಂಟಿಮೀಟರಿನಲ್ಲಿದೆ ಎಂದು ತೋರಿಸುತ್ತದೆ. ತಾಮ್ರದ ವೈರಿನ ತುದಿಗಳನ್ನು ನೀರಿಗಿಳಿಸಿ 5 ವೋಲ್ಟ್ ಡಿಸಿ ಕೊಡುವ ಅಗ್ಗದ ಉಪಾಯವೂ ಗಡಸು ಬೋರು ನೀರಿನಲ್ಲಿ ನಿಲ್ಲದು. ಪಾಸಿಟಿವ್ ತುದಿ ಕರಗುತ್ತಾ ಹೋಗುತ್ತದೆ, ನೆಗೆಟಿವ್ ತುದಿಗೆ ಬಿಳಿ ಸುಣ್ಣ ಕಟ್ಟುತ್ತದೆ.

ಒಳಗೆ ರೀಡ್ ಸ್ವಿಚ್ಚು (ಅಯಸ್ಕಾಂತ ಹತ್ತಿರ ಬಂದರೆ ಸೇರುವಂಥದ್ದು), ಹೊರಗೆ ಅಯಸ್ಕಾಂತ ಇರುವ ತೇಲುಬುರುಡೆ ಇರುವ ಫ್ಲೋಟ್ ಸ್ವಿಚ್ ತೆಗೆದುಕೊಳ್ಳಿ, ಮೂರು ಬೇಕು: ಟ್ಯಾಂಕಿನೊಳಗೆ ಮೇಲೊಂದು, ಕೆಳಗೊಂದು, ಸಂಪಿನಲ್ಲೊಂದು. ಬುರುಡೆಯ ಕೆಳಗಿನ ಕ್ಲಿಪ್ ಬಿಚ್ಚಿ ಅದನ್ನು ತಲೆಕೆಳಗು ಮಾಡಿ ಹಾಕಿದರೆ ಸ್ವಿಚ್ಚಿನ ಸ್ವಭಾವವೇ ಉಲ್ಟಾ ಆಗುತ್ತದೆ. ಎಲ್ಲ ಇರುವುದು ಇಲ್ಲೇ. ಟ್ಯಾಂಕಿನ ಮೇಲಿನ ಫ್ಲೋಟು ನೀರು ತನಗಿಂತ ಕೆಳಗಿರುವವರೆಗೆ ಸೇರಿರಬೇಕು, ತುಂಬಿದಾಗ ಬಿಡಬೇಕು. ಕೆಳಗಿನದ್ದೂ ನೀರು ತನಗಿಂತ ಇಳಿದಾಗ ಸೇರಬೇಕು. ಸಂಪಿನದು ಮಾತ್ರ ನೀರಿದ್ದಾಗ ಸೇರಿರಬೇಕು, ಬತ್ತಿದಾಗ ಬಿಡಬೇಕು. ಮೂರರ ಒಂದೊಂದು ತುದಿ ಆರ್ಡುಯಿನೊ ಪಿನ್ನಿಗೆ, ಇನ್ನೊಂದು ತುದಿ ಗ್ರೌಂಡಿಗೆ. ಈಗ ಸೇರಿದ್ದು ಲೋ (ಪಿನ್ನಿನಲ್ಲಿ 0 ವೋಲ್ಟ್), ಬಿಟ್ಟದ್ದು ಹೈ (5 ವೋಲ್ಟ್). ಮೂರೂ ಲೋ ಆದಾಗ ಮಾತ್ರ ಮೋಟರು ಶುರು, ಮೇಲಿನದು ಅಥವಾ ಸಂಪಿನದು ಹೈ ಆದೊಡನೆ ಬಂದ್. ಅಳಿಲು ವೈರು ಕಡಿದರೂ, ಸ್ಕ್ರೂ ಸಡಿಲಾದರೂ, ತುದಿ ತುಕ್ಕು ಹಿಡಿದು ಕಳಚಿದರೂ ಆ ಪಿನ್ನು ಹೈ ಆಗುತ್ತದೆ. ಮೋಟರು ನಿಲ್ಲುತ್ತದೆ, ಇಲ್ಲವೇ ಶುರುವೇ ಆಗುವುದಿಲ್ಲ. ಉಲ್ಟಾ ಜೋಡಿಸಿದವರ ಮನೆಯಲ್ಲಿ ಅದೇ ಹರಿದ ವೈರು "ಟ್ಯಾಂಕು ಇನ್ನೂ ತುಂಬಿಲ್ಲ" ಎಂದು ಹೇಳುತ್ತಲೇ ಇರುತ್ತದೆ, ನೀರು ಮಾಳಿಗೆಯಿಂದ ಬೀದಿಗೆ ಹರಿಯುತ್ತದೆ.

ಮಾಳಿಗೆಗೆ ಹೋಗುವ ಇಪ್ಪತ್ತು ಮೀಟರ್ ವೈರು ಆಂಟೆನಾದ ಹಾಗೆ ಗದ್ದಲ ಹಿಡಿಯುತ್ತದೆ. ಆರ್ಡುಯಿನೊ ಒಳಗಿನ ಪುಲ್‌ಅಪ್ (ಸ್ವಿಚ್ಚು ಬಿಟ್ಟಾಗ ಪಿನ್ನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರು) 20ರಿಂದ 50 ಕಿಲೊಓಮ್, ಈ ದೂರಕ್ಕೆ ತೀರಾ ದುರ್ಬಲ. ಪ್ರತಿ ಲೈನಿಗೂ ಹೊರಗಿನಿಂದ 1 ಕಿಲೊಓಮ್ ಅನ್ನು 5 ವೋಲ್ಟಿಗೆ ಹಾಕಿ. ಲೈನಿನಿಂದ ಪಿನ್ನಿಗೆ 10 ಕಿಲೊಓಮ್ ಮೂಲಕ ಹೋಗಿ, ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಇಡಿ. ನೆಟ್‌ವರ್ಕ್ ಕೇಬಲ್ಲಿನ ಹೆಣೆದ ಜೋಡಿಗಳು ಇದಕ್ಕೆ ಚೆನ್ನ. ಪ್ರತಿ ಜೋಡಿಯಲ್ಲಿ ಒಂದು ಸಿಗ್ನಲ್, ಒಂದು ಗ್ರೌಂಡ್. ಮೋಟರಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ತುರುಕಬೇಡಿ.

ಪ್ರೋಗ್ರಾಮು ಚಿಕ್ಕದು, ಆದರೆ ನಾಲ್ಕು ಕಡೆ ಎಡವುತ್ತಾರೆ. ನೀರು ಧುಮುಕುವಾಗ ಫ್ಲೋಟು ಕುಣಿಯುತ್ತದೆ, ಆದ್ದರಿಂದ ಒಂದೇ ಸ್ಥಿತಿ 3 ಸೆಕೆಂಡು ನಿಂತರಷ್ಟೇ ನಂಬಿ. ರಿಲೇ ಮಾಡ್ಯೂಲುಗಳಲ್ಲಿ ಬಹಳಷ್ಟು ಲೋ ಕೊಟ್ಟಾಗ ಆನ್ ಆಗುವಂಥವು. ಪಿನ್ನನ್ನು ಔಟ್‌ಪುಟ್ ಮಾಡಿದ ಗಳಿಗೆ ಅದು ಲೋ ಆಗಿರುವುದರಿಂದ ಕರೆಂಟು ಬಂದಾಗಲೆಲ್ಲ ರಿಲೇ ಟಕ್ ಎನ್ನುತ್ತದೆ. ಮೊದಲು ಪಿನ್ನಿಗೆ ಹೈ ಬರೆದು ಆಮೇಲೆ ಔಟ್‌ಪುಟ್ ಮಾಡಿ. ಕರೆಂಟು ಬಂದಮೇಲೆ 3 ನಿಮಿಷ ಸುಮ್ಮನಿರಲಿ. ಆಗ ವೋಲ್ಟೇಜು ಕೆಳಗಿರುವುದುಂಟು, ಸುಮಾರು 195ಕ್ಕಿಂತ ಕೆಳಗೆ 230 ವೋಲ್ಟಿನ ಕಾಂಟ್ಯಾಕ್ಟರು ಸರಿಯಾಗಿ ಕಚ್ಚುತ್ತದೆ ಎಂಬ ಭರವಸೆ ಇಲ್ಲ. ಗರ್ ಎಂದು ನಡುಗುತ್ತಾ ಕಾಂಟ್ಯಾಕ್ಟು ಸುಟ್ಟುಕೊಳ್ಳುತ್ತದೆ.

ನಾಲ್ಕನೆಯದು ಸಮಯದ ಮಿತಿ. ವೈರು ಹರಿಯುವ ಬದಲು ಒಂದಕ್ಕೊಂದು ತಾಗಿಕೊಂಡರೆ ಮೇಲಿನ ಜೋಡಣೆ ಕಾಪಾಡದು. ಟ್ಯಾಂಕು ತುಂಬಲು 25 ನಿಮಿಷ ಹಿಡಿದರೆ ಮಿತಿ 40 ನಿಮಿಷ ಇಡಿ. ಮೀರಿದರೆ ಮೋಟರು ಬಂದ್ ಆಗಿ ಲಾಕ್ ಆಗಬೇಕು, ಬಟನ್ ಒತ್ತುವವರೆಗೆ ಏಳಬಾರದು. ಆ ಲಾಕನ್ನು ಈಈಪ್ರಾಮಿನಲ್ಲಿ (ಕರೆಂಟು ಹೋದರೂ ಅಳಿಯದ ಮೆಮೊರಿ) ಬರೆದಿಡಿ. ಇಲ್ಲದಿದ್ದರೆ ಒಂದು ಸಲ ಕರೆಂಟು ಹೋಗಿ ಬಂದರೆ ಎಲ್ಲ ಮರೆತು ಮತ್ತೆ ಓಡುತ್ತದೆ. ವಾಚ್‌ಡಾಗ್ ಟೈಮರ್ (ಪ್ರೋಗ್ರಾಮು ಸಿಕ್ಕಿಕೊಂಡರೆ ಬೋರ್ಡನ್ನು ರೀಸೆಟ್ ಮಾಡುವಂಥದ್ದು) ಹಾಕುವವರು ನ್ಯಾನೊ ಎಂಬ ಚಿಕ್ಕ ಆರ್ಡುಯಿನೊದಲ್ಲಿ ಹಳೆಯ ಬೂಟ್‌ಲೋಡರ್ (ಬೋರ್ಡು ಶುರುವಾದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಮು) ಇದೆಯೇ ನೋಡಿಕೊಳ್ಳಿ. ಅದರಲ್ಲಿ ವಾಚ್‌ಡಾಗ್ ಕಚ್ಚಿದರೆ ಬೋರ್ಡು ರೀಸೆಟ್ಟಿನಲ್ಲೇ ಸುತ್ತುತ್ತದೆ.

ಬೋರ್ಡಿಗೆ ಒಳ್ಳೆಯ 5 ವೋಲ್ಟ್ ಮೊಬೈಲ್ ಚಾರ್ಜರಿನಿಂದ ಯುಎಸ್‌ಬಿ ಮೂಲಕ ಕರೆಂಟು ಕೊಡಿ. 12 ವೋಲ್ಟ್ ಅಡಾಪ್ಟರನ್ನು ಬೋರ್ಡಿನ ವಿನ್ (Vin) ಪಿನ್ನಿಗೆ ಕೊಟ್ಟರೆ, ಬೋರ್ಡು ಮತ್ತು ರಿಲೇ ಸೇರಿ 100 ಮಿಲಿಆಂಪಿಯರ್ ಎಳೆದರೂ ಚಿಕ್ಕ ರೆಗ್ಯುಲೇಟರು 0.7 ವ್ಯಾಟ್ ಬಿಸಿಯನ್ನು ತಾನೇ ನುಂಗಬೇಕು. ಮೇ ತಿಂಗಳಲ್ಲಿ ಮುಚ್ಚಿದ ಡಬ್ಬಿಯೊಳಗೆ ಅದು ಕಷ್ಟ. ಡಬ್ಬಿ ಮನೆಯೊಳಗಿರಲಿ, ಮಾಳಿಗೆಯಲ್ಲಿ ಬೇಡ. ಅಲ್ಲಿಯ ಬಿಸಿಲಿಗೆ ಗ್ಲೂ ಗನ್ನಿನ ಅಂಟು ಮೆತ್ತಗಾಗುತ್ತದೆ, ಇನ್ಸುಲೇಷನ್ ಟೇಪು ಜಾರುತ್ತದೆ. ಜಂಪರ್ ವೈರು ಬಿಟ್ಟು ಜೀರೊ ಬೋರ್ಡಿಗೆ (ಸಾಲುಸಾಲು ತೂತುಗಳ ಬೋರ್ಡು) ಬೆಸುಗೆ ಹಾಕಿ, ಹೊರಗಿನ ವೈರುಗಳಿಗೆ ಸ್ಕ್ರೂ ಟರ್ಮಿನಲ್ ಇಡಿ.

ಮೋಟರು ಜೋಡಿಸುವ ಮೊದಲು ಅದರ ಜಾಗದಲ್ಲಿ ಒಂದು ಬಲ್ಬು ಹಾಕಿ. ಬಲ್ಬು ಉರಿಯುತ್ತಿರುವಾಗ ಟ್ಯಾಂಕಿನ ಮೇಲಿನ ಫ್ಲೋಟಿನ ವೈರು ಕೀಳಿ, 3 ಸೆಕೆಂಡಿನಲ್ಲಿ ಆರಬೇಕು. ಮತ್ತೆ ಉರಿಸಿ ಸಂಪಿನದು ಕೀಳಿ, ಆಗಲೂ ಆರಬೇಕು. ಕೆಳಗಿನದು ಕಿತ್ತಾಗ ಆರದು, ಆದರೆ ಮುಂದಿನ ಸಲ ಹೊತ್ತಬಾರದು. ಕೊನೆಗೆ ಟ್ಯಾಂಕಿನ ಎರಡೂ ಫ್ಲೋಟಿನ ವೈರುಗಳನ್ನು ಗ್ರೌಂಡಿಗೆ ಸೇರಿಸಿಬಿಟ್ಟು ಗಡಿಯಾರ ನೋಡುತ್ತಾ ಕೂರಿ, ನಲವತ್ತನೇ ನಿಮಿಷಕ್ಕೆ ಲಾಕ್ ಬೀಳಬೇಕು. ಆರು ತಿಂಗಳಿಗೊಮ್ಮೆ ಫ್ಲೋಟುಗಳನ್ನು ಬಿಚ್ಚಿ ಒಂದು ತಾಸು ವಿನೆಗರಿನಲ್ಲಿ ನೆನೆಸಿ. ಸುಣ್ಣ ಬಿಟ್ಟಮೇಲೆ ಬುರುಡೆ ಕಡ್ಡಿಯ ಮೇಲೆ ತನ್ನ ಭಾರಕ್ಕೇ ಜಾರಬೇಕು. ಜಾರದಿದ್ದರೆ ಇನ್ನೊಂದು ತಾಸು ನೆನೆಸಿ.