ಪದ ಪರಿಚಯ: ಡೈನೋಸಾರ್ ಪುನರುಜ್ಜೀವನ

ಈ ಪದ ಕೇಳಿದೊಡನೆ ಯಾರೋ ಪ್ರಯೋಗಾಲಯದಲ್ಲಿ ಕುಳಿತು ಡೈನೋಸಾರ್‌ಗೆ ಮತ್ತೆ ಜೀವ ತುಂಬುತ್ತಿರುವ ಚಿತ್ರ ಕಣ್ಣಮುಂದೆ ಬಂದರೆ ಅದು ಓದುಗರ ತಪ್ಪಲ್ಲ. ಆದರೆ ಇಲ್ಲಿ ಮರುಜೀವ ಪಡೆದದ್ದು ಪ್ರಾಣಿಯಲ್ಲ, ಅದರ ಬಗೆಗಿನ ಒಂದು ವಿಚಾರ. ಡೈನೋಸಾರ್ ಎಂದರೆ ಬಾಲ ಎಳೆದುಕೊಂಡು ತೆವಳುವ ಮಂದಬುದ್ಧಿಯ ದೈತ್ಯ ಹಲ್ಲಿ ಎಂಬ ನಂಬಿಕೆ 1960ರ ದಶಕದ ಕೊನೆಯಿಂದ ಕುಸಿಯತೊಡಗಿತು. ಅವು ಚುರುಕಾಗಿದ್ದವು, ಹಕ್ಕಿಗಳು ಅವುಗಳ ವಂಶದ ಕುಡಿಗಳು ಎಂಬ ತಿಳಿವಳಿಕೆ ಬೇರೂರಿತು. ಆ ಕಾಲಘಟ್ಟಕ್ಕೆ ಈ ಹೆಸರು. 1975ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಲೇಖನಕ್ಕೆ ಇದನ್ನೇ ತಲೆಬರಹ ಮಾಡಿದವರು ಪಳೆಯುಳಿಕೆ ವಿಜ್ಞಾನಿ ರಾಬರ್ಟ್ ಬಾಕರ್. ಪದಕ್ಕೆ ಅರ್ಥ ಒದಗಿಸಿದವರು ಯೇಲ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪಾಠ ಹೇಳಿದ ಜಾನ್ ಆಸ್ಟ್ರಮ್ (1928–2005).

1964ರ ಆಗಸ್ಟ್. ಅಮೆರಿಕದ ಮೊಂಟಾನಾ ರಾಜ್ಯದ ಬ್ರಿಜರ್ ಊರಿನ ಬಳಿ ಆ ವರ್ಷದ ಅಗೆತ ಮುಗಿಯುತ್ತ ಬಂದಿತ್ತು. ಮರುವರ್ಷ ಎಲ್ಲಿ ಅಗೆಯಬಹುದೆಂದು ನೋಡುತ್ತ ಆಸ್ಟ್ರಮ್ ಮತ್ತು ಸಹಾಯಕ ಗ್ರಾಂಟ್ ಮೇಯರ್ ಇಳಿಜಾರೊಂದರಲ್ಲಿ ನಡೆಯುತ್ತಿದ್ದಾಗ ಮಣ್ಣಿನಿಂದ ಹೊರಚಾಚಿದ ಉಗುರುಗಳು ಕಂಡವು. ಸಲಕರಣೆಗಳು ಜೊತೆಯಲ್ಲಿರಲಿಲ್ಲ. ಬರಿಗೈ, ಜೇಬಿನ ಚಾಕುಗಳಲ್ಲೇ ಕೆದಕಿದರು. ಮರುದಿನ ಸಿಕ್ಕ ಪಾದದ ಎರಡನೆಯ ಬೆರಳಲ್ಲಿ ಕುಡುಗೋಲಿನಂತೆ ಬಾಗಿದ ದೊಡ್ಡ ಉಗುರು.

ಆಸ್ಟ್ರಮ್ ಅವರ ಜಾಣತನ ಇರುವುದು ಆ ಉಗುರಿನಿಂದ ಅವರು ಹೆಣೆದ ತರ್ಕದಲ್ಲಿ. ನಡೆಯುವಾಗ ನೆಲಕ್ಕೆ ತಾಗದಂತೆ ಮೇಲೆತ್ತಿಟ್ಟುಕೊಂಡಿದ್ದ ಉಗುರು ಅದು, ಅಂದರೆ ಆಯುಧ. ಕಾಲಿನಲ್ಲಿರುವ ಆಯುಧದಿಂದ ಇರಿಯಬೇಕಾದರೆ ಒಂಟಿಕಾಲಲ್ಲಿ ನಿಲ್ಲಬೇಕು, ಇಲ್ಲವೇ ಜಿಗಿಯಬೇಕು. ಎರಡಕ್ಕೂ ಸಮತೋಲ ಬೇಕು. ಬಾಲ ನೋಡಿದರೆ, ಅದರ ಮೂಳೆಗಳಿಂದ ಹೊರಟ ಸಪೂರ ಕಡ್ಡಿಗಳು ಅದನ್ನು ಬಿಗಿದು ಸೆಟೆದು ನಿಲ್ಲಿಸಿದ್ದವು. ದೊಂಬರವನು ಹಗ್ಗದ ಮೇಲೆ ಹಿಡಿಯುವ ಗಳುವಿನ ಕೆಲಸವೇ ಅದರದು. 1969ರಲ್ಲಿ ಅವರು ಕೊಟ್ಟ ಹೆಸರು ಡೈನೋನೈಕಸ್ ಆಂಟಿರೋಪಸ್. ಮೊದಲ ಪದಕ್ಕೆ ಗ್ರೀಕಿನಲ್ಲಿ ‘ಭಯಂಕರ ಉಗುರು’ ಎಂದರ್ಥ. ಎರಡನೆಯದು ತೂಕ ಸರಿದೂಗಿಸುವ ಬಾಲವನ್ನು ನೆನೆಯುತ್ತದೆ. ಇಂಥ ಪ್ರಾಣಿ ಜಡವಾಗಿರಲು ಹೇಗೆ ಸಾಧ್ಯ? (‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ವೆಲೋಸಿರಾಪ್ಟರ್ ಎಂದು ಕರೆಸಿಕೊಂಡು ಮಕ್ಕಳನ್ನು ಅಟ್ಟಾಡಿಸುವುದು ಬಹುಮಟ್ಟಿಗೆ ಇದೇ ಪ್ರಾಣಿ, ಹೆಸರು ಮಾತ್ರ ಎರವಲು.) ಎಲ್ಲ ಡೈನೋಸಾರ್‌ಗಳೂ ಬಿಸಿರಕ್ತದವು ಎಂದು ಬಾಕರ್ ಅಬ್ಬರಿಸಿದಾಗ ಗುರುಗಳು ಅಷ್ಟು ದೂರ ಹೋಗಲಿಲ್ಲ.

ಇಂಗ್ಲಿಷಿನ ‘ರಿನೇಸಾನ್ಸ್’ಗೆ ನಮ್ಮಲ್ಲಿ ‘ನವೋದಯ’ ಎಂಬ ಚೆಂದದ ಪದ ಇದೆಯಲ್ಲ ಎನ್ನಬಹುದು. ಸಾಹಿತ್ಯಕ್ಕೆ ಒಪ್ಪಿದ ಆ ಪದ ಇಲ್ಲಿಗೆ ಒಪ್ಪದು ಎಂಬುದು ನನ್ನ ವಾದ. ಹಕ್ಕಿಗೂ ಡೈನೋಸಾರ್‌ಗೂ ನಂಟಿದೆ ಎಂದು 1860ರ ದಶಕದಲ್ಲೇ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಹೇಳಿದ್ದರು. 1926ರಲ್ಲಿ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮಾನ್, ಡೈನೋಸಾರ್‌ಗಳಿಗೆ ಹಕ್ಕಿಗಳಿಗಿರುವ ಕೊರಳೆಲುಬು (ಕಾಲರ್ ಬೋನ್) ಇಲ್ಲ, ಹಾಗಾಗಿ ಅವು ಹಕ್ಕಿಗಳ ಪೂರ್ವಜರಾಗಲಾರವು ಎಂದು ಬರೆದ ಮೇಲೆ ಆ ವಿಚಾರ ಮೂಲೆ ಸೇರಿತು. ಆಸ್ಟ್ರಮ್ ಎಬ್ಬಿಸಿದ್ದು ಅದನ್ನೇ. ಆದ್ದರಿಂದ ‘ಪುನರ್’ ಬೇಕೇ ಬೇಕು.

ಎಬ್ಬಿಸಿದ್ದು ಹೇಗೆ? 1970ರಲ್ಲಿ ಅವರು ನೆದರ್ಲೆಂಡ್ಸ್‌ನ ಹಾರ್ಲೆಮ್‌ನಲ್ಲಿರುವ ಟೈಲರ್ಸ್ ವಸ್ತುಸಂಗ್ರಹಾಲಯಕ್ಕೆ ಹೋದದ್ದು ಹಾರುವ ಸರೀಸೃಪಗಳ ಪಳೆಯುಳಿಕೆ ನೋಡಲು. ಹಾಗೆಂದು ಚೀಟಿ ಅಂಟಿಸಿದ್ದ ಕಲ್ಲೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಗರಿಗಳ ಮಸುಕು ಗುರುತು! 1857ರಿಂದ ತಪ್ಪು ಹೆಸರಿನಲ್ಲಿ ಬಿದ್ದಿದ್ದ ಅದು ಆರ್ಕಿಯಾಪ್ಟೆರಿಕ್ಸ್, ಆದಿಹಕ್ಕಿ ಎಂದು ಅವರಿಗೆ ಹೊಳೆಯಿತು. ಬಾಯಿ ಬಿಟ್ಟರೆ ಕಲ್ಲು ಎರವಲು ಸಿಗಲಾರದು ಎಂಬ ಅಳುಕಿದ್ದರೂ ನಿಜ ಹೇಳಿದರು. ಮೇಲ್ವಿಚಾರಕರು ಅದನ್ನು ಎತ್ತಿಕೊಂಡು ಒಳಗೆ ಹೋದರು. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ದಾರ ಸುತ್ತಿದ ಹಳೆಯ ಶೂ ಡಬ್ಬದಲ್ಲಿಟ್ಟು ತಂದು ಕೈಗಿತ್ತರು.

ಆದಿಹಕ್ಕಿಯ ಕೈ, ಮಣಿಕಟ್ಟು, ಭುಜಗಳನ್ನು ಡೈನೋನೈಕಸ್ ಪಕ್ಕದಲ್ಲಿಟ್ಟು ಹೋಲಿಸಿ, ಅವು ಎಷ್ಟೊಂದು ಒಂದೇ ತೆರನಾಗಿವೆ ಎಂದು ತೋರಿಸುವ ಪ್ರಬಂಧಗಳನ್ನು 1973 ಮತ್ತು 1976ರಲ್ಲಿ ಅವರು ಪ್ರಕಟಿಸಿದರು. ಹಕ್ಕಿಗಳ ಮೂಲದ ಚರ್ಚೆಯ ದಿಕ್ಕು ಬದಲಾದದ್ದು ಅಲ್ಲಿಂದ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಿಂದ ತುಪ್ಪುಳದ ಗುರುತುಳ್ಳ ಸೈನೋಸಾರಾಪ್ಟೆರಿಕ್ಸ್ ಎಂಬ ಡೈನೋಸಾರ್‌ನ ಫೋಟೊಗಳು ನ್ಯೂಯಾರ್ಕಿಗೆ ಬಂದಾಗ ಅವರಿಗೆ ಅರವತ್ತೆಂಟು ವರ್ಷ; ಮರುವರ್ಷ ಕಣ್ಣಾರೆ ನೋಡಲು ಚೀನಾಕ್ಕೇ ಹೋದರು.

ಹಾರ್ಲೆಮ್‌ನ ಕಲ್ಲಿನ ಚೀಟಿ ಮತ್ತೊಮ್ಮೆ ಬದಲಾಗಿದೆ. ಅದು ಆರ್ಕಿಯಾಪ್ಟೆರಿಕ್ಸ್ ಕೂಡ ಅಲ್ಲ, ಗರಿಯುಳ್ಳ ಬೇರೊಂದು ಡೈನೋಸಾರ್ ಎಂದು 2017ರಲ್ಲಿ ಇಬ್ಬರು ಸಂಶೋಧಕರು ತೀರ್ಮಾನಿಸಿದರು. ಅವರಿಟ್ಟ ಹೆಸರು ‘ಆಸ್ಟ್ರೋಮಿಯಾ’.